ಬೆಳ್ಳಿ ಲೋಟ ಮತ್ತು ಐದಕ್ಷರ

ಹೆದರುವ ವಿದ್ಯೆಯಲ್ಲಿ ಗುಬ್ಬಿಯನ್ನು ಮೀರಿಸಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಜಿರಲೆ ಎದುರಾದರೆ ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಬಸ್ಸಿನಲ್ಲಿ ಬೇರೆಯವರು ಅವನ ಕಾಲು ತುಳಿದರೆ ಇವನೇ ಕ್ಷಮೆ ಕೇಳುತ್ತಿದ್ದ. ಮೂವತ್ತಾರು ವರ್ಷದ ಗಂಡಸಿಗೆ ಗುಬ್ಬಿ ಎಂಬ ಹೆಸರು ಅಂಟಿಕೊಂಡದ್ದು ಸುಮ್ಮನೆ ಅಲ್ಲ. ಇಟ್ಟವರು ದೊಡ್ಡಮ್ಮ, ಅಂದರೆ ಅವನ ತಾಯಿಯ ಅಕ್ಕ. ತಾಯಿ ತೀರಿಹೋದ ಮೇಲೆ ಅವನನ್ನು ಸಾಕಿ ಸಲಹಿದವರೂ ಅವರೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನಿವೃತ್ತಿ ಸಿಕ್ಕಿದ್ದು ಶಾಲೆಯಿಂದ ಮಾತ್ರ, ಕೆಲಸ ಮನೆಯಲ್ಲಿ ಮುಂದುವರಿದಿತ್ತು.

ಹೊಟ್ಟೆಪಾಡಿಗೆ ಗುಬ್ಬಿ ಪಾತ್ರೆ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ. ಜುಂಯ್ ಎನ್ನುವ ಒಂದು ಮಿಷನ್ನು, ಒಂದು ದೀಪ, ಒಂದು ನೋಟ್ ಪುಸ್ತಕ, ಇಷ್ಟೇ ಅವನ ಸಾಮ್ರಾಜ್ಯ. ಈ ಕಸುಬಿಗೆ ಇರುವುದು ಒಂದೇ ಕಾನೂನು: ಕೊರೆದದ್ದು ಕೊರೆದದ್ದೇ, ಅಳಿಸುವುದಕ್ಕೆ ಬ್ರಹ್ಮನಿಂದಲೂ ಆಗದು.

ಅವನ ಮಗಳಿಗೆ ಎರಡು ತಿಂಗಳು ತುಂಬಿದಾಗ ಆಪತ್ತು ಶುರುವಾಯಿತು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದ ಹೆಂಡತಿ ಕೆಂಡದಂತೆ ಮನೆಗೆ ಬಂದಳು.

"ರೀ, ನರ್ಸು ಒಂದು ಮಗೂ ಹೆಸರು ಕರೆದ್ಳು. ಎಷ್ಟು ಜನ ಅಮ್ಮಂದಿರು ಎದ್ದು ನಿಂತ್ರು ಗೊತ್ತಾ? ಆರು ಜನ! ಎಲ್ಲಾ ಮಕ್ಕಳಿಗೂ ಅದೇ ಎರಡಕ್ಷರ! ಬಾಯಿಗೆ ಹಾಕ್ಕೊಳ್ಳೋಕೆ ಮುಂಚೆ ಕರಗಿ ಹೋಗುತ್ತೆ. ನನ್ನ ಮಗಳಿಗೆ ಅಂಥದ್ದು ಬೇಡವೇ ಬೇಡ. ಹಳೇ ಕಾಲದ್ದು, ಗಟ್ಟಿ ಹೆಸರು ಬೇಕು."

ಗುಬ್ಬಿಗೂ ಇದು ಹೊಸ ಸಂಗತಿಯಲ್ಲ. ಅಟ್ಟ ಸೇರಿದ್ದ ಅಜ್ಜಿಯರ ಹೆಸರುಗಳೆಲ್ಲ ಈಚೆಗೆ ಧೂಳು ಕೊಡವಿಕೊಂಡು ಇಳಿದು ಬರುತ್ತಿದ್ದವು. ಹೋದ ತಿಂಗಳಷ್ಟೇ ಎಂಟು ಕೂಸುಗಳ ಬಟ್ಟಲಿನ ಮೇಲೆ ಮುತ್ತಜ್ಜಿಯರ ಹೆಸರು ಕೊರೆದುಕೊಟ್ಟಿದ್ದ. "ಒಳ್ಳೇದೇ ಕಣೇ. ಯಾವ ಹೆಸರು?" ಎಂದ.

ಹೆಂಡತಿ ಒಳಕೋಣೆಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ, ಐದಕ್ಷರದ ಒಂದು ಹೆಸರು ಹೇಳಿದಳು.

ಗುಬ್ಬಿ ಓಡಿಹೋಗಿ ಒಳಕೋಣೆಯ ಬಾಗಿಲು ಮುಚ್ಚಿ ಬಂದ. ಅದು ಸಾಕ್ಷಾತ್ ದೊಡ್ಡಮ್ಮನ ಹೆಸರು! (ಅದನ್ನು ಇಲ್ಲಿ ಬರೆಯುವ ಎದೆಗಾರಿಕೆ ನನಗೂ ಇಲ್ಲ. ಅವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದುತ್ತಾರೆ.)

ಆ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಿಲ್ಲ. ಒಮ್ಮೆ ಪಾರ್ಸೆಲ್ ತಂದ ಹೊಸ ಆಸಾಮಿ ಗೇಟಿನಲ್ಲಿ ನಿಂತು ಬರೀ ಐದಕ್ಷರವನ್ನು, ಹಿಂದಿಲ್ಲ ಮುಂದಿಲ್ಲ, ಗಟ್ಟಿಯಾಗಿ ಕೂಗಿದ್ದ. ದೊಡ್ಡಮ್ಮ ಹೊರಗೆ ಬಂದು, "ಗೇಟು ಹಾಕ್ಕೊಂಡು ಹೋಗಿ, ಮೊದಲಿಂದ ಬಾ" ಎಂದಿದ್ದರು. ಪಾಪ, ಮೂರು ಸಲ ಬಂದ. ಇನ್ನು ಗುಬ್ಬಿಯ ಕಥೆ. ಏಳು ವರ್ಷದವನಿದ್ದಾಗ ಗೆಳೆಯರ ಜೊತೆ ಪಂದ್ಯ ಕಟ್ಟಿ, ಅಡುಗೆಮನೆ ಬಾಗಿಲಲ್ಲಿ ನಿಂತು ಆ ಹೆಸರನ್ನು ಒಂದೇ ಒಂದು ಸಲ ಕೂಗಿದ್ದ. ದೊಡ್ಡಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅವನನ್ನೇ ದಿಟ್ಟಿಸಿ ನೋಡುತ್ತ ನಿಂತರು, ಅಷ್ಟೇ. ಆ ನೋಟಕ್ಕೆ ಮೂರು ದಿನ ಜ್ವರ ಬಂದಿತ್ತು.

"ಬೇಡ ಕಣೇ, ನಿನ್ನ ದಮ್ಮಯ್ಯ," ಎಂದು ಗುಬ್ಬಿ ಗೋಗರೆದ. "ಹಳೇ ಹೆಸರು ಬೇರೆ ಎಷ್ಟಿಲ್ಲ!"

"ಯಾಕೆ? ಹಿರಿಯರ ಹೆಸರು ಇಟ್ರೆ ಅವರಿಗೆ ಗೌರವ ತಾನೆ?"

"ನಾಳೆ ಮಗು ಹಟ ಮಾಡಿದ್ರೆ ಬೈಬೇಡ್ವಾ?"

"ಬೈತೀನಿ," ಎಂದಳು ಅವಳು, ಬೆಣ್ಣೆಯಂಥ ದನಿಯಲ್ಲಿ. "ಹೆಸರು ಹಿಡಿದೇ ಬೈತೀನಿ."

ನಾಲ್ಕು ವರ್ಷದ ಸೊಸೆತನದ ಕಷ್ಟವೆಲ್ಲ ಅವಳ ಕಣ್ಣಲ್ಲಿ ಮಿಂಚಿ ಹೋಯಿತು. ದೊಡ್ಡಮ್ಮ ಅವಳ ಸಾಮಾನಿನ ಚೀಟಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಆರು ಅಂಕ ಹಾಕಿ ವಾಪಸು ಕೊಡುತ್ತಿದ್ದರು. ಗುಬ್ಬಿಗೆ ಮುಂದಿನ ಇಪ್ಪತ್ತು ವರ್ಷ ಕಣ್ಣಿಗೆ ಕಟ್ಟಿತು. "ಏ ಐದಕ್ಷರ, ಮತ್ತೆ ಒದ್ದೆ ಮಾಡ್ಕೊಂಡ್ಯಾ?" ಎಂದು ಇವಳು ಇಲ್ಲಿ ಕೂಗುವುದು, ಪಕ್ಕದ ಕೋಣೆಯಲ್ಲಿ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಳ್ಳುವುದು.

ಸಾಲದು ಎಂಬಂತೆ ಶುಕ್ರವಾರ ಬೆಳಗ್ಗೆ ದೊಡ್ಡಮ್ಮನೇ ಒಂದು ಬೆಳ್ಳಿ ಲೋಟ ತಂದು ಅವನ ಮುಂದೆ ಇಟ್ಟರು. "ಭಾನುವಾರ ನಾಲ್ಕು ಜನರನ್ನ ಕರೆದು ಹೆಸರಿಡಿ. ಇದರ ಮೇಲೆ ಕೊರೆದು ತಾ. ಯಾವ ಹೆಸರು ಅಂತ ನಾನು ತಲೆ ಹಾಕಲ್ಲ. ನಿಮಗೆ ಬಿಟ್ಟಿದ್ದು."

ಹಾಗೆಂದು ಅವನನ್ನೇ ದಿಟ್ಟಿಸಿ ನೋಡಿದರು. ಅದೇ ನೋಟ! ಸೌಟು ಒಂದು ಕಡಿಮೆ. ಗೊತ್ತಾಗಿಬಿಟ್ಟಿದೆ, ಪರೀಕ್ಷೆ ಮಾಡುತ್ತಿದ್ದಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡ ಗುಬ್ಬಿ.

ಆ ದಿನ ಮಧ್ಯಾಹ್ನ ಲೋಟ ಹಿಡಿದು ಕೂತವನು ಮಿಷನ್ನನ್ನು ಐದು ಸಲ ಹಚ್ಚಿ ಐದು ಸಲ ಆರಿಸಿದ. ಹದಿನೆಂಟು ವರ್ಷದಲ್ಲಿ ಸಾವಿರಾರು ಹೆಸರು ಕೊರೆದವನಿಗೆ ಐದಕ್ಷರ ಬರೆಯಲು ಆಗುತ್ತಿಲ್ಲ! ಬೆವರು ಒರೆಸಿಕೊಳ್ಳಲು ತಲೆ ಎತ್ತಿದಾಗ ಕಪಾಟಿನ ಮೇಲೊಂದು ಚೊಂಬು ಕಂಡಿತು. ನಾಲ್ಕು ವರ್ಷದ ಹಿಂದೆ ಯಾರೋ ಕೊರೆಯಲು ಕೊಟ್ಟು, ಒಯ್ಯಲು ಬಾರದೇ ಹೋಗಿದ್ದ ಚೊಂಬು. ಅದರ ಮೇಲೆ ಆರಕ್ಷರದ ಒಂದು ಹೆಸರು. ಅದೂ ಹಳೆಯದೇ, ಗಟ್ಟಿಯಾದದ್ದೇ. ಅದರ ಒಡತಿ ಯಾರೋ ಏನೋ, ಎದುರು ಬಂದು ದಿಟ್ಟಿಸುವವಳಂತೂ ಅಲ್ಲ. ಗುಬ್ಬಿ ಹಿಂದೆ ಮುಂದೆ ನೋಡಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಕ್ಷರ ಬೆಳ್ಳಿಯ ಮೇಲೆ ಕೂತುಬಿಟ್ಟವು. ಹೆಂಡತಿ ಕೇಳಿದರೆ ಕೈ ಜಾರಿತು ಎಂದರಾಯಿತು, ಕೊರೆದದ್ದು ಕೊರೆದದ್ದೇ ತಾನೆ! ಮನೆಯಲ್ಲಿ ಮಾತ್ರ ಲೋಟವನ್ನು ಯಾರಿಗೂ ತೋರಿಸಲಿಲ್ಲ, ಪೇಪರಿನಲ್ಲಿ ಸುತ್ತಿ ಬೀರುವಿನಲ್ಲಿ ಬಚ್ಚಿಟ್ಟ.

ಭಾನುವಾರ ಬಂತು. ಹೆಂಡತಿಯ ತಾಯಿ ಬಂದರು, ಪಕ್ಕದ ಮನೆಯ ದರ್ಜಿ ದಂಪತಿ ಬಂದರು, ಪಾತ್ರೆ ಅಂಗಡಿಯ ಯಜಮಾನರು ಬಂದರು. ದೊಡ್ಡಮ್ಮ ಏಳು ಗಂಟೆಗೇ ಇಸ್ತ್ರಿ ಬಟ್ಟೆ ಉಟ್ಟು, ಕನ್ನಡಕವನ್ನು ಮೂರು ಸಲ ಒರೆಸಿ, ಮುಂದಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅದನ್ನು ನೋಡಿಯೇ ಗುಬ್ಬಿ ಬೀರುವಿಗೆ ಬೆನ್ನು ಕೊಟ್ಟು ನಿಂತ.

"ಲೋಟ ತಾ," ಎಂದರು.

ತಂದ. ದೊಡ್ಡಮ್ಮ ಪೇಪರು ಬಿಡಿಸಿ ಓದಿದರು. ಮತ್ತೊಮ್ಮೆ ಓದಿದರು. ಲೋಟ ತಿರುಗಿಸಿ ಹಿಂಭಾಗ ನೋಡಿದರು. ಅವರ ಮುಖ ಬಾಡಿಹೋಯಿತು.

"ಯಾರೋ ಇವಳು?"

"ಕೈ... ಕೈ ಜಾರಿಬಿಡ್ತು ದೊಡ್ಡಮ್ಮ."

ಹೆಂಡತಿ ಲೋಟ ಕಸಿದುಕೊಂಡು ನೋಡಿದಳು. "ಕೈ ಜಾರಿದ್ರೆ ಒಂದು ಅಕ್ಷರ ತಪ್ಪುತ್ತೆ ರೀ! ಪೂರ್ತಿ ಹೆಂಗಸೇ ಜಾರಿ ಬಂದ್ಳಾ? ಯಾರ್ರೀ ಇವಳು?"

ನಾಲ್ಕು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ಗುಬ್ಬಿ ತಡವರಿಸುತ್ತ ಚೊಂಬಿನ ಕಥೆಯನ್ನೆಲ್ಲ ಒದರಿದ. "ಬೇಕಾದ್ರೆ ಯಜಮಾನ್ರನ್ನೇ ಕೇಳಿ, ಚೊಂಬು ನಾಲ್ಕು ವರ್ಷದಿಂದ ಕಪಾಟಿನ ಮೇಲೇ ಇದೆ!"

ಯಜಮಾನರು ಬಾಳೆಹಣ್ಣು ನುಂಗಿ, "ಆ ಚೊಂಬಾ? ನಿನ್ನೆ ಸಂಜೆ ನೀನು ಹೋದ್ಮೇಲೆ ಬಂದು ತಗೊಂಡು ಹೋದ್ಲಲ್ಲಪ್ಪ," ಎಂದರು. "ಯಾರೋ ಹೆಣ್ಮಗಳು. ನಿನ್ನನ್ನೂ ಕೇಳಿದ್ಲು."

ಗುಬ್ಬಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

"ಮಗೂಗೆ ನಿಮ್ಮ ಹೆಸರೇ ಇಡ್ತೀವಿ ಅಂತ ಗುರುವಾರ ರಾತ್ರೀನೇ ನಾನು ದೊಡ್ಡಮ್ಮಂಗೆ ಹೇಳಿದ್ದೆ ರೀ," ಎಂದಳು ಹೆಂಡತಿ, ಮೂಗು ಏರಿಸುತ್ತ. "ಉರಿದು ಬೀಳಲಿ ಅಂತಾನೇ ಹೇಳ್ದೆ, ಸುಳ್ಳು ಯಾಕೆ. ಅತ್ತುಬಿಟ್ರು ರೀ! ನಾನೂ ಅತ್ತೆ. ಆ ಲೋಟ ಯಾಕೆ ಕೊಟ್ರು ಅಂದ್ಕೊಂಡ್ರಿ?"

ದೊಡ್ಡಮ್ಮ ಕನ್ನಡಕ ತೆಗೆದರು. "ನನ್ನನ್ನ ಹೆಸರು ಹಿಡಿದು ಕರೆಯೋರು ಯಾರಿದ್ದಾರೋ ಗುಬ್ಬಿ? ಅಪ್ಪ ಅಮ್ಮ ಹೋದ್ರು, ನಿನ್ನ ತಾಯಿ ಹೋದ್ಲು. ಆಮೇಲೆ ಬರೀ ಮೇಡಂ, ದೊಡ್ಡಮ್ಮ, ಅಷ್ಟೇ. ಆ ಪಾರ್ಸೆಲ್‌ನವನು ಕೂಗಿದಾಗ ಎಷ್ಟು ಚೆನ್ನಾಗಿತ್ತು ಅಂತ ಮೂರು ಸಲ ಕರೆಸಿದೆ. ಈ ಮನೆಯೊಳಗೆ ಕೂಗಿದವನು ನೀನೊಬ್ಬನೇ, ಏಳು ವರ್ಷದವನಿದ್ದಾಗ. ಇನ್ನೊಂದು ಸಲ ಕೂಗ್ತಾನೇನೋ ಅಂತ ಕೆಲಸ ಬಿಟ್ಟು ನಿನ್ನನ್ನೇ ನೋಡ್ತಾ ನಿಂತಿದ್ದೆ. ನೀನು ಜ್ವರ ಬರಿಸ್ಕೊಂಡು ಮಲಗಿಬಿಟ್ಟೆ."

ಇಪ್ಪತ್ತೊಂಬತ್ತು ವರ್ಷ ಹೆದರಿದ್ದೆಲ್ಲ ದಂಡ ಎಂದು ಗುಬ್ಬಿಗೆ ಅಳು ಬಂತು.

"ಈಗ ಕೂಗು," ಎಂದರು ದೊಡ್ಡಮ್ಮ. "ಮಗಳನ್ನ ಕರಿ."

ಗುಬ್ಬಿ ಬಾಗಿಲ ಚೌಕಟ್ಟು ಹಿಡಿದುಕೊಂಡ, ಕಣ್ಣು ಮುಚ್ಚಿಕೊಂಡ, ಐದಕ್ಷರವನ್ನು ಕೂಗಿಯೇಬಿಟ್ಟ. ಮಗು ಬೆಚ್ಚಿ ಅಳಲು ಶುರುಮಾಡಿತು. ದೊಡ್ಡಮ್ಮ ಮಾತ್ರ ಎಳೆಯ ಹುಡುಗಿಯ ಹಾಗೆ, "ಆಂ, ಬಂದೆ!" ಎಂದರು.

ಸಂಜೆಯ ಹೊತ್ತಿಗೆ ಗುಬ್ಬಿಗೆ ಜ್ವರ ಬಂತು, ಸರಿಯಾಗಿ ಮೂರು ದಿನ. ಹೆಂಡತಿ ಒಂದು ಪಕ್ಕ, ದೊಡ್ಡಮ್ಮ ಇನ್ನೊಂದು ಪಕ್ಕ ಕೂತು ಹೊತ್ತುಹೊತ್ತಿಗೆ ಬಿಸಿ ಹಾಲು ಕುಡಿಸಿದರು, ಅದೇ ಬೆಳ್ಳಿ ಲೋಟದಲ್ಲಿ. ಮಗುವಿನ ಉಪಯೋಗಕ್ಕಂತೂ ಅದು ಬರುವ ಹಾಗಿಲ್ಲ, ಕೊರೆದದ್ದನ್ನು ಅಳಿಸುವ ಹಾಗೂ ಇಲ್ಲ. ಪ್ರತಿ ಗುಟುಕಿಗೂ ಲೋಟವನ್ನು ಅವನ ಕಣ್ಣ ಮುಂದೆ ತಿರುಗಿಸಿ ಇಬ್ಬರೂ ಒಂದೇ ದನಿಯಲ್ಲಿ ಕೇಳುತ್ತಿದ್ದರು:

"ಈಗಾದ್ರೂ ನಿಜ ಹೊರಗೆ ಬರಲಿ, ಯಾರು ಇವಳು?"