ನಕ್ಷೆ ದಾಟದ ಮಾವ

ನಮ್ಮ ಸೋದರಮಾವ ಕನಸು ಕಾಣುವುದಕ್ಕೂ ಮೊದಲು ಅರ್ಜಿ ಹಾಕುತ್ತಾರೆಂದು ಬಂಧುಬಳಗದಲ್ಲೆಲ್ಲ ಮಾತಿದೆ. ಅದು ಶುದ್ಧ ಸುಳ್ಳು. ಅರ್ಜಿಯ ಜೊತೆ ನಕ್ಷೆಯ ಮೂರು ಪ್ರತಿಯನ್ನೂ ಇಡುತ್ತಾರೆ!

ಅವರು ಮೂವತ್ತು ವರ್ಷ ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ನಕ್ಷೆಗಳ ಉಸ್ತುವಾರಿ ನೋಡಿಕೊಂಡವರು. ಅಲ್ಲಿ ಒಂದು ಬೋಲ್ಟಿನ ಜಾಗ ಬದಲಿಸಬೇಕಾದರೂ ಕಾರಣ ಬರೆದು ಮೂವರ ಸಹಿ ಹಾಕಿಸಬೇಕಂತೆ. ನಿವೃತ್ತರಾದ ಮೇಲೆ, ಕುರೆಕುಪ್ಪದ ಬಾಡಿಗೆ ಮನೆಯಲ್ಲಿದ್ದುಕೊಂಡೇ ಮಲಪನಗುಡಿಯಲ್ಲಿ ಸ್ವಂತ ಮನೆ ಕಟ್ಟಲು ಹೊರಟರು. ಮಲಪನಗುಡಿ ಹಂಪಿಯ ಮಗ್ಗುಲಲ್ಲೇ ಇದೆ. ಹಾಗಾಗಿ ಮನೆಯ ಎತ್ತರ, ಮುಂಭಾಗ, ಸುತ್ತ ಬಿಡುವ ಜಾಗ ಎಲ್ಲಕ್ಕೂ ಅಲ್ಲಿನ ಸ್ಮಾರಕಗಳನ್ನು ಕಾಯುವ ಪ್ರಾಧಿಕಾರದ ಒಪ್ಪಿಗೆ ಬೇಕು. ನಡುವೆ ಏನಾದರೂ ಬದಲಿಸಿದರೆ ತಿದ್ದಿದ ನಕ್ಷೆ ಕೊಟ್ಟು ಮತ್ತೆ ಒಪ್ಪಿಗೆ ಪಡೆಯಬೇಕು. ಉಳಿದವರಿಗೆ ಇದು ದೊಡ್ಡ ಕಾಟ. ಮಾವನಿಗೋ, ತವರಿಗೆ ಮರಳಿದಂತಾಯಿತು! ಹೊಸಪೇಟೆಯಲ್ಲಿ ಮನೆಗಳ ನಕ್ಷೆ ಬರೆದು ಬದುಕುತ್ತಿದ್ದ ನಾನು, ಸೋದರಸೊಸೆಯಾದ ತಪ್ಪಿಗೆ ಅವರ ಕೈಗೆ ಸಿಕ್ಕಿಬಿದ್ದೆ.

ಮೊದಲು ನರಳಿದವನು ಮೇಸ್ತ್ರಿ. ಅಡುಗೆಮನೆಯ ಕಿಟಕಿ ನಾಲ್ಕು ಬೆರಳು ಎಡಕ್ಕೆ ಬಂದಿದೆಯೆಂದು ಮಾವ ಕೂರಿಸಿದ್ದ ಚೌಕಟ್ಟನ್ನೇ ಕೀಳಿಸಿದರು. ಅವನು ಮುನಿಸಿಕೊಂಡು ತನ್ನೂರು ಕಂಪ್ಲಿಗೆ ಹೋದವನು ನಾಲ್ಕು ದಿನ ಇತ್ತ ತಲೆಹಾಕಲಿಲ್ಲ. ಕೊನೆಗೆ ನಾನೇ ಹೋಗಿ ಕರೆಯಬೇಕಾಯಿತು.

"ಬರ್ತೀನಿ ಮೇಡಮ್ಮರ," ಎಂದ. "ಆದ್ರ ನಿಮ್ಮ ಮಾವಾರಿಗೆ ಹೇಳ್ರಿ, ನಾ ಕಟ್ಟಾದು ಗ್ವಾಡಿ, ಗಡಿಯಾರ ಅಲ್ಲ."

ಆಮೇಲಿನ ಸರದಿ ಅತ್ತೆಯದು. ಸಂಜೆ ಕೂತು ನಾಲ್ಕು ಜನರೊಂದಿಗೆ ಮಾತಾಡಲು ಮನೆಯ ಮುಂದೊಂದು ಕಟ್ಟೆ ಬೇಕೆಂದಳು. ಬರೆದು ಕೊಡು ಎಂದರು ಮಾವ. ಅವಳು ನಿಜಕ್ಕೂ ಬರೆದಳು. ಕಾರಣ ಕೇಳಿದ ಕಡೆ 'ಕುಂದ್ರಾಕ' ಎಂದು ಒಂದೇ ಪದ ಹಾಕಿದಳು. ಕಾರಣ ಸಾಲದೆಂದು ಚೀಟಿ ವಾಪಸು ಬಂತು! ಅಂದು ಮಧ್ಯಾಹ್ನ ಸಾರಿಗೆ ಉಪ್ಪಿರಲಿಲ್ಲ. ಯಾಕೆಂದು ಕೇಳಿದ ಮಾವನಿಗೆ ಅತ್ತೆ ತಣ್ಣಗೆ, "ಉಪ್ಪಿಂದು ಅರ್ಜಿ ಬಂದಿಲ್ರಿ," ಎಂದಳು. ಮಾವ ಸಪ್ಪೆ ಸಾರನ್ನೇ ಉಂಡು ಎದ್ದರು. ನಿಯಮವೆಂದರೆ ನಿಯಮ, ಅಲ್ಲವೇ?

ಹೀಗೆ ಜಗಳವಾಡುತ್ತಲೇ ಮನೆ ಮೇಲೆದ್ದಿತು. ಬಣ್ಣವೊಂದು ಬಾಕಿಯಿದ್ದಾಗ, ಕುರೆಕುಪ್ಪದ ಮನೆಯ ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಹೊರಬಂದವಳನ್ನು ಮಗಳು ಸಂಡೂರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳ ಮನೆಗೆ ಮೆಟ್ಟಿಲಿರಲಿಲ್ಲ. ಮಾವನ ಹೊಸ ಮನೆಗೆ ಮೂರಿದ್ದವು. ಮೂರೂ ಮಂಜೂರಾದ ನಕ್ಷೆಯ ಪ್ರಕಾರವೇ ಇದ್ದವು.

ಮಾವ ಒಬ್ಬರೇ ಮಲಪನಗುಡಿಗೆ ಬಂದು ಉಳಿದರು. ಊಟಕ್ಕೆ ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಇವತ್ತು ಏನು ತಿಂದಳು, ಎಷ್ಟು ಹೊತ್ತು ಕೂತಿದ್ದಳು ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಒಮ್ಮೆ ನಗಿಸೋಣವೆಂದು ನಾನು, ಅವರ ಹೊಸ ಮನೆಯ ನಡುಮನೆಯ ಅಳತೆಯಲ್ಲಿ ಎರಡಿಂಚು ವ್ಯತ್ಯಾಸ ಕಾಣುತ್ತಿದೆ ಎಂದೆ. ಮಾವ ಜೇಬಿನಲ್ಲಿದ್ದ ಅಳತೆಯ ಟೇಪನ್ನು ಮುಟ್ಟಲೂ ಇಲ್ಲ.

"ಸಾಮಾನಿಲ್ಲದ ಮನಿ ನೋಡವ್ವ," ಎಂದರು. "ನಾ ಕೆಮ್ಮಿದ್ರ ಗ್ವಾಡಿನೂ ಕೆಮ್ತದ."

ಪ್ರತಿ ಭಾನುವಾರ ಬಸ್ಸು ಹತ್ತಿ ಸಂಡೂರಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮಾವ ಒಳಗೆ ಬಂದವರೇ ಅತ್ತೆಯ ಮುಂದೆ ನೆಲದ ಮೇಲೆ ಕೂತು, ಜೇಬಿನಿಂದ ಟೇಪು ತೆಗೆದು ಗಾಲಿಕುರ್ಚಿಯನ್ನು ಅಳೆಯತೊಡಗಿದರು. ಅವ್ವನನ್ನು ನೋಡಲು ಬಂದದ್ದೋ ಕುರ್ಚಿಯನ್ನು ನೋಡಲು ಬಂದದ್ದೋ ಎಂದು ಮಗಳು ಸಿಡುಕಿದಳು.

"ಇರ್ಲಿ ಬಿಡು. ಅವ್ರು ನೋಡಾದ ಹಂಗ," ಎಂದ ಅತ್ತೆ, ಬಾಗಿ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಮೇಸ್ತ್ರಿಯ ಫೋನು ಬಂತು. "ಜಲ್ದಿ ಬರ್ರಿ ಮೇಡಮ್ಮರ. ನಿಮ್ಮ ಮಾವಾರು ಪಾವಟಿಗಿ ಒಡಿಯಾಕತ್ಯಾರ."

ನಾನು ಹೋಗುವಷ್ಟರಲ್ಲಿ ಮೂರು ಮೆಟ್ಟಿಲೂ ಪುಡಿಯಾಗಿದ್ದವು. ಬದಲಾವಣೆಗೆ ಒಪ್ಪಿಗೆ ಆಗಿದೆಯೇ ಎಂದು ಕೇಳಿದೆ. ಮಾವ ಸುತ್ತಿಗೆ ಕೆಳಗಿಡಲಿಲ್ಲ. ಅದೇ ವಾರ ಗೇಟಿನಿಂದ ಬಾಗಿಲಿನವರೆಗೆ, ಗೋಡೆಯ ಗುಂಟ ಸಾಗಿ ಒಮ್ಮೆ ತಿರುಗುವ ಉದ್ದನೆಯ ಇಳಿಜಾರು ಹಾದಿ ಎದ್ದಿತು. ಆಮೇಲೆ ಇಸ್ತ್ರಿ ಅಂಗಿ ತೊಟ್ಟು, ನನ್ನಿಂದ ತಿದ್ದಿದ ನಕ್ಷೆ ಬರೆಸಿಕೊಂಡು ಪ್ರಾಧಿಕಾರದ ಕಚೇರಿಗೆ ಹೋದರು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಹೀಗಿತ್ತು: 'ಕೆಲಸ ಮೊದಲೇ ಮಾಡಿದ್ದೇನೆ. ತಪ್ಪು ನನ್ನದು. ಹೆಂಡತಿ ಮನೆಗೆ ಬರಬೇಕು.'

ಅಲ್ಲಿನ ಎಂಜಿನಿಯರ್ ಹೆಣ್ಣುಮಗಳು ಅದನ್ನು ಎರಡು ಸಲ ಓದಿದಳು. ಆಮೇಲೆ ತಾನೇ ಮನೆಗೆ ಬಂದು ಅಳೆದು ನೋಡಿಕೊಂಡು ಹೋದಳು. ಕೆಲವು ವಾರಗಳಲ್ಲಿ ಒಪ್ಪಿಗೆ ಬಂತು; ಅದರ ಬೆನ್ನಿಗೇ ಅತ್ತೆ ಬಂದಳು.

ಗೇಟಿನ ಬಳಿ ಕಾರಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿದೆವು. ನಾನು ಹಿಂದಿನಿಂದ ನೂಕಲು ಹೋದರೆ ಮಾವ ನನ್ನ ಮೊಣಕೈ ಹಿಡಿದರು.

"ಕೈ ಬಿಡವ್ವ."

ಅತ್ತೆ ತಾನೇ ಗಾಲಿ ತಿರುಗಿಸುತ್ತ ಹೊರಟಳು. ಹಾದಿ ಎಷ್ಟು ಸಣ್ಣಗೆ ಏರುತ್ತಿತ್ತೆಂದರೆ ಅವಳಿಗೆ ಉಸಿರೂ ಕಟ್ಟಲಿಲ್ಲ. ಇದರ ಅರ್ಧ ಉದ್ದವಿದ್ದರೂ ನಾವು ನೂಕಬಹುದಿತ್ತಲ್ಲ ಎಂದೆ, ಮೆಲ್ಲಗೆ.

ಮಾವ ಅವಳ ಕಡೆಯೇ ನೋಡುತ್ತಿದ್ದರು. "ನಾ ಇಲ್ದ ಕಾಲಕ್ಕ," ಎಂದರು, "ಅಕಿ ಒಬ್ಬಾಕಿನ ಏರಿ ಬರ್ಬೇಕಲ್ಲ."

ಬಾಗಿಲು ಮುಟ್ಟಿದ ಅತ್ತೆ ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿದಳು.

"ಯಾಕ್ರಿ, ಅಲ್ಲೇ ನಿಂತ್ರಿ? ಒಳಗ ಬರ್ರಿ."