ಪ್ರತಿಜ್ಞೆಯ ದಿನ ಹಾರಿದ ಬಾಟಲಿ

ಗಗನಯಾನಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತು, ನಮ್ಮವರು ನಮ್ಮದೇ ರಾಕೆಟಿನಲ್ಲಿ ಆಕಾಶಕ್ಕೆ ಹೋಗುತ್ತಾರೆ ಎಂದು ಪೇಪರಿನಲ್ಲಿ ಓದಿದ ದಿನವೇ ನಾನು ನಿರ್ಧರಿಸಿಬಿಟ್ಟೆ: ದೇಶದ ರಾಕೆಟ್ ಹಾರುವ ಮೊದಲು ಬೋವಿಕಾನ ಊರಿನ ಈ ಪಿಯುಸ್ ಮಾಸ್ಟ್ರ ರಾಕೆಟ್ ಹಾರಬೇಕು! ನಾನು ಶಾಲೆಯಲ್ಲಿ ಕಲಿಸುವುದು ವಿಜ್ಞಾನವಲ್ಲ, ಸಮಾಜ. ಆದರೇನು? ಇತಿಹಾಸವನ್ನೇ ಅರೆದು ಕುಡಿದವನಿಗೆ ಒಂದು ರಾಕೆಟ್ ಯಾವ ಲೆಕ್ಕ?

"ನಿಮಗೆ ಗ್ಯಾಸ್ ಒಲೆ ಹೊತ್ತಿಸ್ಲಿಕ್ಕೆ ಬರುವುದಿಲ್ಲ," ಎಂದಳು ನನ್ನ ಹೆಂಡತಿ ಟ್ರೀಜಾ.

"ನನ್ನ ರಾಕೆಟಿಗೆ ಬೆಂಕಿ ಬೇಡ. ಸೋಡಾದ ಪ್ಲಾಸ್ಟಿಕ್ ಬಾಟಲಿ, ನೀರು, ಸೈಕಲ್ ಪಂಪಿನ ಗಾಳಿ. ಅಷ್ಟೇ!"

"ಬುದ್ಧಿ ಸಹ ಬೇಡವಾ?"

ಇಂಥ ಮಾತನ್ನು ಎಲ್ಲ ಮಹಾಪುರುಷರೂ ಕೇಳಿದ್ದಾರೆ. ನಾನೂ ಕೇಳಿಸಿಕೊಂಡು ಸೈಕಲ್ ಪಂಪು ಹುಡುಕಲು ಹೋದೆ.

ಉಡಾವಣೆಗೆ ನಾನು ಆರಿಸಿದ್ದು ಜನವರಿಯ ಒಂದು ಭಾನುವಾರ. ಕಾರಣ ದೊಡ್ಡದು. ನಾನು ನಮ್ಮ ಇಗರ್ಜಿಯ ಮದ್ಯವರ್ಜನ ಸಮಿತಿಯ ಅಧ್ಯಕ್ಷ. ಮರದ ಕೆಲಸದ ಸೆವರಿನ್ ಅಂದು ನಮ್ಮ ಅಂಗಳದಲ್ಲಿ, ಫಾದರ್ ಎದುರು, ಕುಡಿತ ಬಿಡುವ ಪ್ರತಿಜ್ಞೆಗೆ ಸಹಿ ಹಾಕುವವನಿದ್ದ. ಇಪ್ಪತ್ತೆರಡು ದಿನದಿಂದ ಅವನು ಹನಿ ಮುಟ್ಟಿರಲಿಲ್ಲ. ಅವನ ಹೆಂಡತಿ ಒಲಿವಿಯಾ ಆ ಇಪ್ಪತ್ತೆರಡು ದಿನವೂ ಉಸಿರು ಬಿಗಿಹಿಡಿದೇ ಬದುಕಿದ್ದಳು. ಅವನು ಸಹಿ ಹಾಕಿದ ಕೂಡಲೇ ರಾಕೆಟ್ ಹಾರಬೇಕು, ನಾನು "ಕುಡಿತ ಬಿಟ್ಟವನಿಗೆ ಆಕಾಶವೂ ಹತ್ತಿರ!" ಎಂದು ಗುಡುಗಬೇಕು. ಅದು ನನ್ನ ಯೋಜನೆ.

ಸಮಿತಿಯ ಘನತೆಗಾಗಿ ನಮ್ಮ ಮನೆಗೂ ಒಂದು ಕಾನೂನು ತಂದಿದ್ದೆ: ಇಡ್ಲಿಯಂಥ ನಮ್ಮ ಸಾನ್ನದ ಹಿಟ್ಟು ಉಬ್ಬಲು ಇನ್ನು ಕಳ್ಳು ಹಾಕಬಾರದು, ಈಸ್ಟ್ ಹಾಕಬೇಕು.

"ಈಸ್ಟ್ ಹಾಕಿದ್ರೆ ಅದು ಸಾನ್ನ ಅಲ್ಲ, ಸ್ಪಂಜು," ಎಂದಿದ್ದಳು ಟ್ರೀಜಾ. ಆಮೇಲೆ ವಾದಿಸಲಿಲ್ಲ. ಹೆಂಡತಿ ವಾದ ನಿಲ್ಲಿಸಿದಾಗ ಗಂಡನಾದವನು ಹೆದರಬೇಕು. ನಾನು ಹೆಮ್ಮೆಪಟ್ಟೆ!

ಭಾನುವಾರ ಬೆಳಿಗ್ಗೆ ಪೂಜೆಯಿಂದ ಬಂದವನೇ ಬಾಟಲಿ ಹುಡುಕಿದೆ. ಅಕ್ಕಿ ಡಬ್ಬದ ಹಿಂದೆ ಎರಡು ಲೀಟರಿನದ್ದೊಂದು ಸಿಕ್ಕಿತು. ಒಳಗೆ ಬಿಳಿ ನೀರು. ಕರಿಬೇವಿನ ಗಿಡಕ್ಕೆಂದು ಟ್ರೀಜಾ ತೆಗೆದಿಡುವ ಅಕ್ಕಿ ತೊಳೆದ ನೀರು, ಮತ್ತೇನು? ಬಾಟಲಿಯ ಮೂರನೇ ಒಂದು ಭಾಗ ನೀರಿರಬೇಕು ಎಂದು ಪುಸ್ತಕದಲ್ಲಿತ್ತು. ಇದರಲ್ಲಿ ಸರಿಯಾಗಿ ಅಷ್ಟೇ ಇತ್ತು! ನನಗೆ ಮೂರು ದಿನದಿಂದ ನೆಗಡಿ, ಮೂಗಿನ ತುಂಬ ಬಾಮು. ವಾಸನೆ ಎಂಬುದು ಜಗತ್ತಿನಲ್ಲೇ ಇರಲಿಲ್ಲ. ಮುಚ್ಚಳ ತೆಗೆದು, ಸೈಕಲ್ ಟ್ಯೂಬಿನ ವಾಲ್ವ್ ಚುಚ್ಚಿದ ರಬ್ಬರ್ ಬಿರಡೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ರಟ್ಟಿನ ರೆಕ್ಕೆ ಅಂಟಿಸಿ, ಮಗುಚಿಟ್ಟ ಸ್ಟೂಲಿನ ಕಾಲುಗಳ ನಡುವೆ ತಲೆಕೆಳಗಾಗಿ ನಿಲ್ಲಿಸಿ, ಅಂಟು ಒಣಗಲಿ ಎಂದು ಅಂಗಳದ ಬಿಸಿಲಿಗೇ ಬಿಟ್ಟೆ.

ಮಧ್ಯಾಹ್ನ ಮೂರು ಗಂಟೆಗೆ ಟ್ರೀಜಾ ಅಡುಗೆಮನೆಯನ್ನು ಬುಡಮೇಲು ಮಾಡುತ್ತಿದ್ದಳು.

"ಎಂತ ಹುಡುಕುವುದು?"

"ಎಂತ ಇಲ್ಲ."

"ಎಂತ ಇಲ್ಲದ್ದನ್ನು ಇಷ್ಟು ಜೋರಾಗಿ ಹುಡುಕುವುದಾ?"

"ನೀವು ನಿಮ್ಮ ರಾಕೆಟ್ ನೋಡಿಕೊಳ್ಳಿ!"

ನಾಲ್ಕು ಗಂಟೆಗೆ ಅಂಗಳ ತುಂಬಿತು. ಮುಂದಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸೆವರಿನ್, ಒಂದು ಪಕ್ಕದಲ್ಲಿ ಒಲಿವಿಯಾ, ಇನ್ನೊಂದು ಪಕ್ಕದಲ್ಲಿ ಫಾದರ್, ಮೇಜಿನ ಮೇಲೆ ಪ್ರತಿಜ್ಞೆಯ ಪುಸ್ತಕ. ನಾನು ಭಾಷಣ ಶುರು ಮಾಡಿದೆ.

"ಬಂಧುಗಳೇ! ಅಮೇರಿಕದ ಒಬ್ಬ ಪ್ರೊಫೆಸರ್ 1926ರಲ್ಲಿ ಹಾರಿಸಿದ ರಾಕೆಟ್ ಎರಡೂವರೆ ಸೆಕೆಂಡು ಹಾರಿ ಕೋಸಿನ ಗದ್ದೆಗೆ ಬಿತ್ತು. ನಮ್ಮ ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೆಲಸಕ್ಕೆ ಮೊದಲು ಜಾಗ ಬಿಟ್ಟುಕೊಟ್ಟದ್ದೇ ಒಂದು ಇಗರ್ಜಿ! ಹಾಗಾಗಿ ಇಂದು ಈ ಪವಿತ್ರ..."

"ಮಾಸ್ಟ್ರೇ, ನಿಮ್ಮ ಬಾಟಲಿ ಬಸುರಾದ ಹಾಗೆ ಕಾಣ್ತದೆ," ಎಂದ ಸೆವರಿನ್.

ತಿರುಗಿ ನೋಡಿದೆ. ಬಾಟಲಿ ಉಬ್ಬಿ ನಡುಗುತ್ತಿತ್ತು. ಗಾಳಿ ಹೊಡೆಯಬೇಕಿದ್ದ ಪಂಪು ಇನ್ನೂ ನನ್ನ ಕೈಯಲ್ಲೇ ಇತ್ತು!

ಢಬ್!

ರಾಕೆಟ್ ಹಾರಿತು. ತೆಂಗಿನ ಮರದ ಎತ್ತರಕ್ಕೆ ಹಾರಿತು, ಸುಳ್ಳಲ್ಲ! ಹಾರುವಾಗ ಒಳಗಿದ್ದುದನ್ನೆಲ್ಲ ಮುಂದಿನ ಸಾಲಿನ ಮೇಲೆ ಸುರಿದು ಹೋಯಿತು. ಫಾದರರ ನಿಲುವಂಗಿ, ಪ್ರತಿಜ್ಞೆಯ ಪುಸ್ತಕ, ಎಲ್ಲಕ್ಕಿಂತ ಹೆಚ್ಚಾಗಿ ಸೆವರಿನ್, ನೆತ್ತಿಯಿಂದ ಗಡ್ಡದವರೆಗೆ.

ಬಾಗಿಲಲ್ಲಿ ಟ್ರೀಜಾ ತಲೆ ಹಿಡಿದುಕೊಂಡಳು. "ದೇವಾ! ನನ್ನ ಸಾನ್ನದ ಕಳ್ಳು!"

ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಹುಳಿದು ಗ್ಯಾಸಾದದ್ದು ಅದು! ಯಾರೂ ನನ್ನನ್ನಾಗಲಿ ಆಕಾಶವನ್ನಾಗಲಿ ನೋಡಲಿಲ್ಲ. ಎಲ್ಲರ ಕಣ್ಣು ಸೆವರಿನನ ಮೀಸೆಯಿಂದ ತುಟಿಗೆ ಇಳಿಯುತ್ತಿದ್ದ ಒಂದು ಹನಿಯ ಮೇಲೆ. ಒಲಿವಿಯಾ ಕುರ್ಚಿಯ ತುದಿಗೆ ಸರಿದಳು. ಅವಳ ಇಪ್ಪತ್ತೆರಡು ದಿನಗಳನ್ನು ನಾನು ಒಂದು ಬಿರಡೆಯಿಂದ ಹಾರಿಸಿಬಿಟ್ಟೆನೇ?

ಸೆವರಿನ್ ನಿಧಾನಕ್ಕೆ ಒಲಿವಿಯಾಳ ಸೆರಗು ಎಳೆದು ಮುಖ ಒರೆಸಿಕೊಂಡ. ತುಟಿಯನ್ನು ಎರಡು ಸಲ ಒರೆಸಿದ. ಎದ್ದು, ಒದ್ದೆ ಪುಸ್ತಕದಲ್ಲಿ ದೊಡ್ಡದಾಗಿ ಸಹಿ ಹಾಕಿದ. ಒಲಿವಿಯಾ ಗೊಳೋ ಎಂದು ಅತ್ತಳು. ಚಪ್ಪಾಳೆಯೋ ಚಪ್ಪಾಳೆ!

"ಕಳ್ಳಿನಲ್ಲಿ ಮಿಂದು ಸಹ ಕುಡಿಯದವ ಇವನೊಬ್ಬನೇ ಮಾರಾಯ್ರೇ," ಎಂದರು ಫಾದರ್, ನಿಲುವಂಗಿ ಹಿಂಡುತ್ತಾ. "ಸಮಿತಿಗೆ ಇಂಥ ಅಧ್ಯಕ್ಷ ಬೇಕು."

ಆಮೇಲೆ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. "ಮಾಸ್ಟ್ರೇ, ನೀವು ಸೆವರಿನನ ಕೆಳಗೆ ಒಂದು ಸಹಿ ಹಾಕಿ."

"ಫಾದರ್, ನಾನು ಕುಡಿಯುವುದೇ ಇಲ್ಲ!"

"ಎಲ್ಲರೂ ಮೊದಲು ಹಾಗೇ ಹೇಳುವುದು," ಎಂದ ಸೆವರಿನ್, ಬಹಳ ಕರುಣೆಯಿಂದ.

ಹಾಕಿದೆ. ಈಗ ಸಂಜೆಯಾದರೆ ಹೊಸ ಅಧ್ಯಕ್ಷರು ಮರದ ಕೆಲಸ ಮುಗಿಸಿ ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುತ್ತಾರೆ. "ಮಾಸ್ಟ್ರೇ, ಎಲ್ಲಿ, ಒಮ್ಮೆ ಊದಿ ನೋಡುವಾ," ಎನ್ನುತ್ತಾರೆ. ನಾನು ಊದುತ್ತೇನೆ. ಟ್ರೀಜಾ ಕಿಟಕಿಯಿಂದ ಕೂಗುತ್ತಾಳೆ: "ಸರಿಯಾಗಿ ಊದಿ, ಅಧ್ಯಕ್ಷರಿಗೆ ಕೆಲಸ ಉಂಟು!"