ಗುಡ್ಡ ಹತ್ತಿದ ಏಳನೇ ಕ್ಲಾಸು

ಕಂಕುಳಲ್ಲಿ ಫೋನು ಇಟ್ಟುಕೊಂಡು ಊರೆಲ್ಲ ಕೂಸು ಹುಡುಕಿದರಂತೆ. ಗಾದೆ ಹಾಗಿಲ್ಲ ಅನ್ನುವವರು ತಾಳ್ಯದ ರವೀಂದ್ರ ಮೇಷ್ಟ್ರನ್ನು ಕೇಳಿ ನೋಡಿ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು.

ಮೇಷ್ಟ್ರ ಶಾಲೆಯಲ್ಲಿ ಹೆಡ್ಮಾಸ್ಟರ್ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಕಣ್ಣಿಟ್ಟು ಅವರು ಏಳನೇ ಕ್ಲಾಸಿನ ಮಕ್ಕಳ ಕೊರಳಿಗೆಲ್ಲ ಒಂದೊಂದು ಎಲೆಕ್ಟ್ರಾನಿಕ್ ಕಾರ್ಡು ಹಾಕಿಸಿದರು. ಮಗು ಎಲ್ಲೇ ಇರಲಿ, ಫೋನಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ, ಚುಕ್ಕಿಯ ತಲೆ ಮೇಲೆ ಹೆಸರು. ಎಲ್ಲರ ಚುಕ್ಕಿಯೂ ಊರಿಗೆಲ್ಲ ಕಾಣುತ್ತಿತ್ತು. ಅಲ್ಲಿಂದ ಊರಿನಲ್ಲಿ ಟಿವಿ ನೋಡುವವರೇ ಇಲ್ಲವಾದರು. ಅದೇ ಕ್ಲಾಸಿನ ಹುಡುಗಿ ರೋಜಾ, ಮಂಡಕ್ಕಿ ಅಂಗಡಿ ಮುಂದೆ ನಿಂತರೆ, ಮೆಣಸಿನಕಾಯಿ ಎಣ್ಣೆಯಿಂದ ಮೇಲೇಳುವ ಮೊದಲೇ ಪಕ್ಕದ ಮನೆ ತಿಪ್ಪಮ್ಮ ಅವಳ ಅವ್ವನಿಗೆ ಸುದ್ದಿ ಮುಟ್ಟಿಸುತ್ತಿದ್ದಳು.

“ಸಾರ್, ನಾನೆಲ್ಲಿದೀನಿ ಅಂತ ನಮ್ಮವ್ವಂಗೆ ಗೊತ್ತಾಗ್ಲಿ. ತಿಪ್ಪಮ್ಮತ್ತೆಗೆ ಯಾಕೆ?” ರೋಜಾ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದಳು.

“ತಪ್ಪು ಮಾಡದೇ ಇರೋರಿಗೆ ಭಯ ಯಾಕಮ್ಮ?” ಎಂದು ಮೇಷ್ಟ್ರು ಮೀಸೆ ತೀಡಿದ್ದರು. ರೋಜಾ ವಾದ ಮಾಡದೆ ಕೂತಾಗಲೇ ಮೇಷ್ಟ್ರು ಹೆದರಬೇಕಿತ್ತು.

ಮಾರನೆಯ ದಿನ ಶಾಲಾ ಕಮಿಟಿಯ ಅಧ್ಯಕ್ಷ ಚಿತ್ರಲಿಂಗಪ್ಪನವರು ಕಾರ್ಡಿನ ಮಹಿಮೆ ನೋಡಲು ಶಾಲೆಯ ಆಫೀಸಿಗೆ ಬಂದರು. ಕುರ್ಚಿ ಯಾರಿಗೆ ಅಂತ ಹೇಳುವವರು ಅವರೇ. “ಎಲ್ಲಿ, ಏಳನೇ ಕ್ಲಾಸು ತೋರ್ಸ್ರಿ” ಅಂದರು.

ಮೇಷ್ಟ್ರು ಫೋನು ತೆಗೆದರು. ಏಳನೇ ಕ್ಲಾಸು ಗಾಳಿಯಂತ್ರದ ಗುಡ್ಡ ಹತ್ತುತ್ತಿತ್ತು.

“ಏನ್ರಿ ಇದು, ಪಾಠ ಗುಡ್ಡದ ಮ್ಯಾಲೆ ನಡೀತೈತಾ?”

ಮೇಷ್ಟ್ರ ಮುಖ ನೀರು ಹೆಚ್ಚಾದ ಮುದ್ದೆಯಂತೆ ಇಳಿಯಿತು. ಯೋಚನೆ ಮಾಡೋಣವೆಂದರೆ ಪಕ್ಕದ ಕೋಣೆಯಿಂದ ಪದ್ಯ ಬಾಯಿಪಾಠದ ಗದ್ದಲ ಬೇರೆ. ಗೋಡೆಗೆ ಗುದ್ದಿದರು. “ಏಯ್, ಸುಮ್ಕಿರ್ರಲೇ, ಇಲ್ಲಿ ಮಕ್ಳು ಕಳೆದೋಗ್ಯಾವೆ.” ಗದ್ದಲ ತಟ್ಟನೆ ನಿಂತಿತು.

ಅಧ್ಯಕ್ಷರನ್ನು ಚಹಾದ ಮುಂದೆ ಕೂರಿಸಿ ಮೇಷ್ಟ್ರು ಸ್ಕೂಟರ್ ಏರಿದರು. ರೋಜಾಳ ಚುಕ್ಕಿ ಮಾತ್ರ ಗುಡ್ಡದಲ್ಲಿರಲಿಲ್ಲ, ಊರ ರಸ್ತೆಯಲ್ಲೇ ಓಡುತ್ತಿತ್ತು. ಇವರು ಬಲಕ್ಕೆ ತಿರುಗಿದರೆ ಅದೂ ಬಲಕ್ಕೆ, ನಿಂತರೆ ಅದೂ ನಿಲ್ಲುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ. ‘ಸ್ಕೂಟರಿಗೆ ಸಮ ಓಡ್ತಾಳಲ್ಲ, ಜಿಲ್ಲಾ ಮಟ್ಟದ ಓಟಕ್ಕೆ ಇವಳನ್ನೇ ಕಳಿಸಬೇಕು’ ಎಂದು ಆ ಗಾಬರಿಯಲ್ಲೂ ಮೇಷ್ಟ್ರು ಮೆಚ್ಚಿಕೊಂಡರು.

ವಿಚಾರಿಸಲು ಬೇಕರಿ ಮುಂದೆ ನಿಂತರು. ತಮಗೆ ಶುಗರ್ ಬಂದಾಗಿನಿಂದ ಹೆಂಡತಿ ಮಮತಾ ಮನೆಯಲ್ಲಿ ಸಿಹಿಗೆ ಬೀಗ ಹಾಕಿದ್ದಳು. ಬಾಯಿ ಮಕ್ಕಳನ್ನು ಕೇಳುತ್ತಿರುವಾಗ ಕೈ ಬಾದುಷಾ ಕೇಳಿತು. ಅರ್ಧ ಒಳಗಿಳಿದಿತ್ತು, ಅಷ್ಟರಲ್ಲಿ ತಿಪ್ಪಮ್ಮ ಫೋನು ಹಿಡಿದು ಏದುಸಿರು ಬಿಡುತ್ತ ಬಂದಳು.

“ರೋಜಾ ಎಲ್ಲಿ ಮೇಷ್ಟ್ರೆ? ಬೇಕರಿ ಮುಂದೆ ಅವ್ಳೆ ಅಂತ ತೋರಿಸ್ತೈತೆ.”

“ನಂಗೂ ಇಲ್ಲೇ ತೋರಿಸ್ತೈತೆ” ಅಂದರು ಮೇಷ್ಟ್ರು, ಬಾದುಷಾದ ಸಂದಿಯಿಂದ.

ಇಬ್ಬರೂ ಬೆಂಚಿನ ಕೆಳಗೆ ಬಗ್ಗಿ ನೋಡಿದರು. ತಿಪ್ಪಮ್ಮ ಬ್ರೆಡ್ಡಿನ ಟ್ರೇ ಕೂಡ ಎತ್ತಿ ನೋಡಿದಳು.

ಅಷ್ಟರಲ್ಲಿ ಗುಡ್ಡದ ಚುಕ್ಕಿಗಳೆಲ್ಲ ಹಳೇ ಬಾವಿಯ ಹತ್ತಿರ ಹೋಗಿ ಒಂದಕ್ಕೊಂದು ಅಂಟಿಕೊಂಡು ನಿಂತವು. ಒಂದೂ ಅಲುಗಲಿಲ್ಲ. ಮೇಷ್ಟ್ರಿಗೆ ಕುರ್ಚಿ ಮರೆತುಹೋಯಿತು. ಮಕ್ಕಳು ಸಿಕ್ಕರೆ ಸಾಕಪ್ಪ ಎಂದು ಕಂಡ ದೇವರಿಗೆಲ್ಲ ಹೇಳಿಕೊಳ್ಳುತ್ತ, ಸ್ಕೂಟರನ್ನು ಗುಡ್ಡದ ಬುಡದಲ್ಲಿ ಬಿಟ್ಟು, ಜಾಲಿಮುಳ್ಳು ಲೆಕ್ಕಿಸದೆ ಓಡಿದರು.

ಬಾವಿ ಪಕ್ಕದ ಬೇವಿನ ನೆರಳಲ್ಲಿ ರೋಜಾಳ ಮಾವ ಕಾಟಯ್ಯನ ಕುರಿಗಳು, ಬಿಸಿಲಿಗೆ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಎಲ್ಲದರ ಕೊರಳಲ್ಲೂ ಕಾರ್ಡು. ಕುರಿ ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದ ಮೇಷ್ಟ್ರು, ಸುಡುಬಿಸಿಲಲ್ಲಿ ಹೀಗೆ ಒತ್ತಿಕೊಂಡು ನಿಲ್ಲುವುದು ಕುರಿಗಳೇ ಹೊರತು ಮಕ್ಕಳಲ್ಲ ಎಂಬುದನ್ನು ಫೋನು ನೋಡುತ್ತ ಮರೆತಿದ್ದರು. ಯೋಗೇಶ್ ಎಂದು ಹೆಸರಿದ್ದ ಟಗರು ‘ಪ್ರೆಸೆಂಟ್ ಸಾರ್’ ಅನ್ನುವ ಹಾಗೆ ತಲೆಯೆತ್ತಿತು.

“ಏನಪ್ಪ ಕಾಟಯ್ಯ, ಇದ್ಯಾರು ಕಟ್ಟಿದ್ದು?”

“ಬೆಳಿಗ್ಗೆ ಸ್ಕೂಲ್ ಮುಂದೆ ಮಕ್ಳೇ ಕಟ್ಟಿದ್ರು ಸಾರ್. ಲಸಿಕೆ ಕಾರ್ಡು, ಮೇಷ್ಟ್ರು ಕಟ್ಟು ಅಂದವ್ರೆ ಅಂದ್ರು.”

ಕಾರ್ಡುಗಳನ್ನೆಲ್ಲ ಬಿಚ್ಚಿ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಮೇಷ್ಟ್ರು ಶಾಲೆಗೆ ಓಡಿ ಬಂದರು. ಆಫೀಸಿನ ಪಕ್ಕದ ಕೋಣೆಯಲ್ಲಿ ಅಧ್ಯಕ್ಷರು ಬೆಂಚಿನ ಮೇಲೆ ಕೂತಿದ್ದರು. ಸುತ್ತಲೂ ಏಳನೇ ಕ್ಲಾಸು, ಬಾಯಿ ಮೇಲೆ ಬೆರಳಿಟ್ಟುಕೊಂಡು.

“ಇಲ್ಲೇ ಇದ್ರೇನ್ರಲೇ?”

“ಹೂಂ ಸಾರ್. ನೀವೇ ಗೋಡೆ ಗುದ್ದಿ ಸುಮ್ಕಿರ್ರಿ ಅಂದ್ರಿ. ಸುಮ್ಕಿದ್ವಿ” ಅಂದಳು ರೋಜಾ.

“ನಿನ್ ಕಾರ್ಡೆಲ್ಲಿ?”

“ನಿಮ್ ಸ್ಕೂಟರ್ ಸೀಟಿನಡಿ ಸಿಗ್ಸಿದೀನಿ ಸಾರ್.”

ಅಧ್ಯಕ್ಷರು ರೋಜಾಳ ಬೆನ್ನು ತಟ್ಟಿದರು. “ಕುರ್ಚಿ ಮಾತು ಮುಂದಿನ ವರ್ಷ ನೋಡಾಣ ಮೇಷ್ಟ್ರೆ. ಕಾರ್ಡು ಕುರಿಗೇ ಇರ್ಲಿ. ಮಕ್ಳನ್ನ ಕಣ್ಣಾಗೆ ನೋಡ್ರಿ, ಸಾಕು.”

ಮೇಷ್ಟ್ರು ಬೈಯಲು ಬಾಯಿ ತೆರೆದರು. ಫೋನು ಬಡಿಯಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

“ಬಾದುಷಾ ಎಷ್ಟು ತಿಂದ್ರಿ?” ಮಮತಾಳ ದನಿ ಕೋಣೆ ತುಂಬಿತು. “ತಿಪ್ಪಮ್ಮಕ್ಕ ಎಲ್ಲಾ ಹೇಳಿದ್ಲು.”

“ನಾನೆಲ್ಲಿ ನಿಂತ್ರೆ ಅವಳಿಗ್ಯಾಕೆ?”

ರೋಜಾ ಎದ್ದು ನಿಂತಳು. ಇಲ್ಲದ ಮೀಸೆ ತೀಡಿ, ಮೇಷ್ಟ್ರದೇ ದನಿಯಲ್ಲಿ ಹೇಳಿದಳು: “ತಪ್ಪು ಮಾಡದೇ ಇರೋರಿಗೆ ಭಯ ಯಾಕಮ್ಮ?”

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವರು ರವೀಂದ್ರ ಮೇಷ್ಟ್ರು. ನಕ್ಕ ರಭಸಕ್ಕೆ, ಅವರ ಕೊರಳಲ್ಲಿ ಇಡೀ ಏಳನೇ ಕ್ಲಾಸು ಕುಲುಕಾಡಿತು.